ಸಂಪಾದಕರ ಉತ್ತರ: ನ್ಯಾಟ್ ಕಿಂಗ್ ಕೋಲ್ ತಲೆ ಬಗ್ಗಿಸಿದರಾ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಸಿಕ್ಕಿತು. ಬೈದೇ ಬರೆದಿದ್ದೀರಿ, ಆದರೂ ಖುಷಿಯಾಯ್ತು. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ತಕರಾರು ಏನು ಅನ್ನೋದನ್ನ ಮೊದಲು ಹೇಳಿಬಿಡುತ್ತೇನೆ. ಹೋದ ಸಂಚಿಕೆಯಲ್ಲಿ ಅಮೆರಿಕದ ಗಾಯಕ ನ್ಯಾಟ್ ಕಿಂಗ್ ಕೋಲ್ ಬಗ್ಗೆ ನಾವು ನಾಲ್ಕು ಪುಟ ಹಾಕಿದ್ದೆವು. ನೀವು ಕೇಳುತ್ತೀರಿ: ಬಿಳಿಯರು ಮಾತ್ರ ಕೂತಿದ್ದ ಸಭೆಯಲ್ಲಿ ಹಾಡೋಕೆ ಒಪ್ಪಿ, ಅಲ್ಲೇ ಏಟು ತಿಂದು, ಆಮೇಲೂ ಜಗಳಕ್ಕೆ ನಿಲ್ಲದ ಮನುಷ್ಯನಿಗೆ ಇಷ್ಟೊಂದು ಆರತಿ ಯಾಕೆ? ಆತನದು ಬರೀ ಬೆಣ್ಣೆಯಂಥ ದನಿ, ಅದು ಬಿಟ್ಟರೆ ಬೇರೇನಿದೆ? ಸತ್ತ ಅಪ್ಪನ ಜೊತೆ ಮಗಳು ಯುಗಳಗೀತೆ ಹಾಡಿದ್ದು ಮೋಸ ಅಲ್ವಾ?

ಎರಡನೆಯ ಪ್ರಶ್ನೆಯನ್ನ ಮೊದಲು ತಗೊಳ್ತೀನಿ. ಬೇರೇನಿದೆ ಅಂದರೆ, ಪಿಯಾನೊ ಇದೆ ಮೇಷ್ಟ್ರೇ. ಕೋಲ್ ಮೊದಲು ಹೆಸರು ಮಾಡಿದ್ದೇ ಪಿಯಾನೊ ವಾದಕರಾಗಿ. ಹುಟ್ಟಿದ್ದು 1919ರಲ್ಲಿ, ಅಲಬಾಮಾ ರಾಜ್ಯದ ಮಾಂಟ್ಗಮರಿಯಲ್ಲಿ. ಬೆಳೆದಿದ್ದು ಶಿಕಾಗೊದಲ್ಲಿ. ಅಪ್ಪ ಚರ್ಚಿನಲ್ಲಿ ಬೋಧಕ, ಅಮ್ಮ ಅಲ್ಲೇ ಆರ್ಗನ್ ನುಡಿಸುತ್ತಿದ್ದರು, ಮಗನಿಗೆ ಮೊದಲ ಪಾಠವೂ ಅಮ್ಮನದೇ. ಹದಿನೆಂಟರ ಹೊತ್ತಿಗೆ ಒಂದು ಸಂಗೀತ ನಾಟಕದ ತಂಡದ ಜೊತೆ ಪಶ್ಚಿಮಕ್ಕೆ ಹೊರಟರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ತಂಡ ಮುಚ್ಚಿಹೋಯಿತು. ಊರಿಗೆ ವಾಪಸ್ ಹೋಗದೆ ಲಾಸ್ ಏಂಜಲಿಸ್‌ನ ಬಾರುಗಳಲ್ಲಿ ಪಿಯಾನೊ ನುಡಿಸಿಕೊಂಡು ಹೊಟ್ಟೆ ಹೊರೆದರು.

1937ರಲ್ಲಿ ಕಟ್ಟಿದ ತಂಡದಲ್ಲಿ ಇದ್ದದ್ದು ಮೂರೇ ಜನ. ಪಿಯಾನೊಗೆ ಇವರು, ಗಿಟಾರ್‌ಗೆ ಆಸ್ಕರ್ ಮೂರ್, ಬೇಸ್‌ಗೆ ವೆಸ್ಲಿ ಪ್ರಿನ್ಸ್. ಡ್ರಮ್ಸ್ ಇಲ್ಲ! ದೊಡ್ಡ ದೊಡ್ಡ ಬ್ಯಾಂಡುಗಳು ಜನರನ್ನ ಕುಣಿಸುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ತಾಳ ಹಿಡಿಯೋಕೆ ಡ್ರಮ್ಸೇ ಇಲ್ಲದೆ ಮೂವರು ಕೂತು, ಒಬ್ಬರ ಮಾತನ್ನ ಇನ್ನೊಬ್ಬರು ಕೇಳಿಸಿಕೊಳ್ಳುವ ಹಾಗೆ ನುಡಿಸುವುದು ಹುಡುಗಾಟವಲ್ಲ. ಮುಂದೆ ಆರ್ಟ್ ಟೇಟಮ್, ಆಸ್ಕರ್ ಪೀಟರ್ಸನ್ ಅಂಥ ಪಿಯಾನೊ ವಾದಕರೂ ಇದೇ ಮೂರು ವಾದ್ಯಗಳ ಕಟ್ಟು ಹಿಡಿದರು. ಗಾಯಕ ರೇ ಚಾರ್ಲ್ಸ್ ಅಂತೂ ಶುರುವಿನಲ್ಲಿ ಕೋಲ್ ಥರಾನೇ ಹಾಡುತ್ತಿದ್ದರು, ಅದನ್ನ ಅವರು ಮುಚ್ಚಿಟ್ಟವರೂ ಅಲ್ಲ. ಬಾರಿನಲ್ಲಿ ಕುಡುಕ ಗಿರಾಕಿಯೊಬ್ಬ ಹಟ ಹಿಡಿದಿದ್ದಕ್ಕೆ ಕೋಲ್ ಹಾಡಲು ಶುರು ಮಾಡಿದರು ಅಂತ ಒಂದು ಕತೆ ಎಲ್ಲ ಕಡೆ ಓಡಾಡುತ್ತದೆ. ಚೆನ್ನಾಗಿದೆ, ಆದರೆ ನಾನು ನಂಬಲ್ಲ.

ನಿಮಗೆ ಸಮಯ ಇದ್ದರೆ 1944ರ ಜುಲೈ 2ರ ರೆಕಾರ್ಡಿಂಗ್ ಒಂದನ್ನ ಹುಡುಕಿ ಕೇಳಿ. ಲಾಸ್ ಏಂಜಲಿಸ್‌ನ ಫಿಲ್‌ಹಾರ್ಮೋನಿಕ್ ಆಡಿಟೋರಿಯಮ್‌ನಲ್ಲಿ ನಡೆದ ಜಾಝ್ ಕಛೇರಿ ಅದು. ಕೋಲ್ ಆಗ ಕ್ಯಾಪಿಟಲ್ ಅನ್ನೋ ರೆಕಾರ್ಡ್ ಕಂಪನಿಯ ಒಪ್ಪಂದದಲ್ಲಿದ್ದರು, ಬೇರೆಯವರ ರೆಕಾರ್ಡಿಗೆ ತಮ್ಮ ಹೆಸರಲ್ಲಿ ನುಡಿಸೋ ಹಾಗಿರಲಿಲ್ಲ, ಹಾಗಾಗಿ ಆ ರೆಕಾರ್ಡಿನ ಮೇಲೆ ಅವರ ಹೆಸರು 'ಶಾರ್ಟಿ ನಡೀನ್' ಅಂತಿದೆ. ನಡೀನ್ ಅಂದರೆ ಅವರ ಆಗಿನ ಹೆಂಡತಿ! ಗಿಟಾರ್‌ನಲ್ಲಿ ಲೆಸ್ ಪಾಲ್ ಇದ್ದಾರೆ. ಅವರು ಒಂದು ತುಣುಕು ನುಡಿಸುತ್ತಾರೆ, ಕೋಲ್ ಅದನ್ನೇ ಪಿಯಾನೊದಲ್ಲಿ ತಿರುಗಿಸಿ ಕೊಡುತ್ತಾರೆ. ಅವರು ಇನ್ನೂ ತಿರುಚಿ ನುಡಿಸಿದರೆ ಇವರೂ ಬಿಡೋದಿಲ್ಲ. ನಮ್ಮ ಸವಾಲ್-ಜವಾಬ್ ಇದೆಯಲ್ಲ, ಅದೇ. ಜನ ಕೇಕೆ ಹಾಕೋದು ರೆಕಾರ್ಡಿಂಗ್‌ನಲ್ಲೇ ಕೇಳಿಸುತ್ತದೆ. ಆ ಬೆರಳುಗಳನ್ನ ಕೇಳಿದ ಮೇಲೆ 'ಬರೀ ದನಿ' ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಲ್ಲ ಅನ್ನೋದು ನನ್ನ ನಂಬಿಕೆ.

ಅವರ ಮೊದಲ ದೊಡ್ಡ ಹಿಟ್ ಬಂದಿದ್ದು ಅಪ್ಪನ ಪ್ರವಚನದಿಂದ. ಒಂದು ರಣಹದ್ದು ಪ್ರಾಣಿಗಳನ್ನ ಬೆನ್ನ ಮೇಲೆ ಕೂರಿಸಿಕೊಂಡು ಸವಾರಿ ಮಾಡಿಸುತ್ತದೆ. ಮೇಲೆ ಹೋದ ಮೇಲೆ ಬೀಳಿಸುತ್ತದೆ, ಸತ್ತಿದ್ದನ್ನ ತಿನ್ನುತ್ತದೆ. ಕೋತಿಯ ಸರದಿ ಬಂತು. ಅದು ಹತ್ತಿ ಕೂತು, ಹದ್ದಿನ ಕತ್ತಿಗೆ ಬಾಲ ಸುತ್ತಿ ಬಿಗಿಯಿತು. ನೆಟ್ಟಗೆ ಹಾರು ಅಂತ ಹದ್ದಿಗೇ ತಾಕೀತು ಮಾಡಿತು. 1943ರಲ್ಲಿ ರೆಕಾರ್ಡ್ ಮಾಡಿದ ಈ ಹಾಡಿನ ಹಕ್ಕನ್ನ ಅವರು ಅದಕ್ಕೆ ಮುಂಚೆ ಕೈ ಖಾಲಿ ಇದ್ದಾಗ ಬರೀ 50 ಡಾಲರಿಗೆ ಮಾರಿಬಿಟ್ಟಿದ್ದರಂತೆ. ಕೋತಿಯ ಜಾಣತನ ಹಾಡಿಗೆ ಬಂತು, ವ್ಯವಹಾರಕ್ಕೆ ಬರಲಿಲ್ಲ. ಆ ಕಾಲದ ಎಷ್ಟೋ ಕಪ್ಪು ಕಲಾವಿದರ ಪಾಡು ಇದೇ.

ಈಗ ನಿಮ್ಮ ಮುಖ್ಯ ತಕರಾರಿಗೆ ಬರ್ತೀನಿ.

1956ರ ಏಪ್ರಿಲ್ 10, ಅಲಬಾಮಾದ ಬರ್ಮಿಂಗ್‌ಹ್ಯಾಮ್. ಅದೇ ಹೊತ್ತಿನಲ್ಲಿ, ಅದೇ ರಾಜ್ಯದಲ್ಲಿ, ಕೋಲ್ ಹುಟ್ಟಿದ ಮಾಂಟ್ಗಮರಿಯಲ್ಲೇ ಕಪ್ಪು ಜನ ಬಸ್ಸುಗಳಲ್ಲಿನ ವರ್ಣಭೇದವನ್ನ ವಿರೋಧಿಸಿ ಬಸ್ ಹತ್ತದೆ ನಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಇಲ್ಲಿ ಬಿಳಿಯರಿಗೆ ಒಂದು ಶೋ, ಕಪ್ಪು ಜನಕ್ಕೆ ಬೇರೆ ಶೋ ಅಂತ ಏರ್ಪಾಡಾಗಿತ್ತು. ಕೋಲ್ ಒಪ್ಪಿಕೊಂಡಿದ್ದರು. ಬಿಳಿಯರ ಶೋನಲ್ಲಿ ಇನ್ನೂ ಮೂರನೆಯ ಹಾಡು ನಡೀತಿದೆ, ವರ್ಣಭೇದದ ಪರ ಸಂಘಟನೆಯ ಕೆಲವರು ವೇದಿಕೆಗೆ ನುಗ್ಗಿ ಅವರನ್ನ ಕೆಡವಿದರು. ಬೆನ್ನಿಗೆ ಪೆಟ್ಟಾಯಿತು. ಪೊಲೀಸರು ನುಗ್ಗಿದವರನ್ನ ಹಿಡಿದರು. ಕೋಲ್ ಮತ್ತೆ ವೇದಿಕೆಗೆ ಬಂದು, ನಿಮ್ಮನ್ನ ರಂಜಿಸೋಕೆ ಬಂದೆ, ನಾನು ಹುಟ್ಟಿದ್ದೂ ಇಲ್ಲೇ, ಈಗ ಡಾಕ್ಟರ ಹತ್ತಿರ ಹೋಗಬೇಕು ಅಂತ ಹೇಳಿ ಹೊರಟರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚಪ್ಪಾಳೆಯಿಂದ ಏನಾಯ್ತು ಅಂತ ನೀವು ಕೇಳಬಹುದು, ಅದೂ ನ್ಯಾಯವೇ.

ಇಲ್ಲಿಯವರೆಗೆ ನಾನು ಕೋಲ್ ಪರ. ಆದರೆ ಆಮೇಲೆ ಪತ್ರಿಕೆಗಳಿಗೆ ಅವರು ಕೊಟ್ಟ ಹೇಳಿಕೆ ನೋಡಿ: ನಾನು ಯಾವ ಪ್ರತಿಭಟನೆಯಲ್ಲೂ ಇರಲಿಲ್ಲ, ವರ್ಣಭೇದದ ವಿರುದ್ಧ ಹೋರಾಡುವ ಯಾವ ಸಂಘಟನೆಗೂ ಸೇರಿಲ್ಲ, ನನ್ನ ಮೇಲೆ ಯಾಕೆ ಕೈ ಮಾಡಿದರು? ಈ ಮಾತನ್ನ ಸಮರ್ಥಿಸೋಕೆ ನನ್ನಿಂದ ಆಗಲ್ಲ. ಹೋರಾಟಕ್ಕೆ ಹೋದವನಿಗೆ ಹೊಡೆದರೆ ಸರಿ ಅಂತ ಅರ್ಥ ಬರುತ್ತಲ್ವಾ? ಕಪ್ಪು ಜನರ ಪತ್ರಿಕೆಗಳು ಝಾಡಿಸಿದವು. ವಕೀಲ ಥರ್ಗುಡ್ ಮಾರ್ಷಲ್, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆದವರು, ಕಟುವಾಗಿ ಲೇವಡಿ ಮಾಡಿದ್ದು ವರದಿಯಾಯಿತು. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಕೆಲವು ಜಾಗಗಳಲ್ಲಿ ಅವರ ರೆಕಾರ್ಡುಗಳನ್ನ ಜ್ಯೂಕ್‌ಬಾಕ್ಸಿನಿಂದ, ಅಂದರೆ ಕಾಸು ಹಾಕಿದರೆ ಹಾಡು ನುಡಿಸೋ ಪೆಟ್ಟಿಗೆಯಿಂದ, ತೆಗೆದೇ ಹಾಕಿದರು. ಕೋಲ್ ಅದೇ ವರ್ಷ ಡೆಟ್ರಾಯಿಟ್‌ನಲ್ಲಿ ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಸಂಘಟನೆ ಎನ್‌ಎಎಸಿಪಿಯ ಆಜೀವ ಸದಸ್ಯರಾದರು. ಮಾಂಟ್ಗಮರಿಯ ಬಸ್ ಹೋರಾಟಕ್ಕೆ ದುಡ್ಡು ಕೊಟ್ಟಿದ್ದೇನೆ, ನನ್ನನ್ನ ಒಳಗೆ ಬಿಡದ ಹೋಟೆಲುಗಳ ಮೇಲೆ ಕೇಸ್ ಹಾಕಿದ್ದೇನೆ ಅಂತಲೂ ಬರೆದು ತಿಳಿಸಿದರು. ತಡವಾಯ್ತು ಅನ್ನಿ, ಒಪ್ಪುತ್ತೇನೆ. ಏನೂ ಮಾಡಲಿಲ್ಲ ಅನ್ನಬೇಡಿ.

ಇನ್ನೂ ಹಿಂದಕ್ಕೆ ಹೋಗಿ. 1948ರಲ್ಲಿ ಅವರು ಲಾಸ್ ಏಂಜಲಿಸ್‌ನ ಹ್ಯಾನ್‌ಕಾಕ್ ಪಾರ್ಕ್ ಅನ್ನೋ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡರು. ಕಪ್ಪು ಜನಕ್ಕೆ ಮನೆ ಮಾರಬಾರದು ಅನ್ನೋ ಕರಾರುಗಳನ್ನ ಕೋರ್ಟುಗಳು ಜಾರಿ ಮಾಡೋ ಹಾಗಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದೂ ಆ ವರ್ಷವೇ. ಆದರೆ ತೀರ್ಪಿಗೆ ಅಕ್ಕಪಕ್ಕದವರು ಸುಮ್ಮನಾಗ್ತಾರಾ? ಬೇಡದ ಜನ ಇಲ್ಲಿಗೆ ಬರೋದು ನಮಗಿಷ್ಟವಿಲ್ಲ ಅಂತ ಅಲ್ಲಿನ ಆಸ್ತಿ ಮಾಲೀಕರು ಇವರಿಗೇ ಹೇಳಿದರು. ಕೋಲ್ ಹೇಳಿದ್ದು: ನನಗೂ ಇಷ್ಟವಿಲ್ಲ, ಅಂಥವರು ಯಾರಾದರೂ ಬರೋದು ಕಂಡರೆ ಮೊದಲು ದೂರು ಕೊಡೋನು ನಾನೇ. ಮನೆಯ ನಾಯಿಗೆ ಯಾರೋ ವಿಷ ಹಾಕಿದರು. ಹುಲ್ಲುಹಾಸಿನ ಮೇಲೆ ಬೈಗುಳ ಸುಟ್ಟು ಬರೆದರು. ತೆರಿಗೆ ಬಾಕಿ ಅಂತ 1951ರಲ್ಲಿ ಸರ್ಕಾರ ಮನೆಯನ್ನೇ ಜಪ್ತಿ ಮಾಡಿತು. ಅವರು ಬಾಕಿ ತೀರಿಸಿಕೊಂಡು ಅಲ್ಲೇ ಉಳಿದರು, ಮಕ್ಕಳನ್ನ ಅಲ್ಲೇ ಬೆಳೆಸಿದರು. ಸೂಟು ಹಾಕಿಕೊಂಡು ಪ್ರೇಮಗೀತೆ ಹಾಡುವವನು ಅಂತ ನೀವು ಬರೆದಿರಲ್ಲ, ಆ ಸೂಟಿನವರೇ ಇವರು. ದನಿ ಏರಿಸದೆ, ಜಾಗ ಬಿಡದೆ ಕೂತುಬಿಡೋದು ಅವರ ರೀತಿ. ನಿಮಗೆ ಇದು ಸಾಲದು ಅನ್ನಿಸಬಹುದು. ನನಗೆ ಇದು ತಲೆ ಬಗ್ಗಿಸೋದು ಅಂತ ಅನ್ನಿಸೋದಿಲ್ಲ.

ಟಿವಿ ವಿಷಯಕ್ಕೂ ಇದೇ ಮಾತು. 1956ರ ನವೆಂಬರಿನಲ್ಲಿ ಎನ್‌ಬಿಸಿಯಲ್ಲಿ ಅವರ ಹೆಸರಿನ ಕಾರ್ಯಕ್ರಮ ಶುರುವಾಯಿತು. ಮೊದಲು ಹದಿನೈದು ನಿಮಿಷ, ಆಮೇಲೆ ಅರ್ಧ ಗಂಟೆ. ಎಲಾ ಫಿಟ್ಜ್‌ಜೆರಾಲ್ಡ್, ಹ್ಯಾರಿ ಬೆಲಫಾಂಟೆ ಅಂಥವರೆಲ್ಲ ಬಂದು ಹಾಡಿದರು. ಖರ್ಚು ಕಡಿಮೆಯಾಗಲಿ ಅಂತ ಎಷ್ಟೋ ದೊಡ್ಡ ತಾರೆಯರು ಕಲಾವಿದರ ಸಂಘ ಗೊತ್ತು ಮಾಡಿದ ಕನಿಷ್ಠ ಸಂಭಾವನೆ ತಗೊಂಡು ಹೋದರು. ಆದರೂ ದೇಶದುದ್ದಕ್ಕೂ ಜಾಹೀರಾತು ಕೊಡೋಕೆ ಒಂದು ಕಂಪನಿಯೂ ಮುಂದೆ ಬರಲಿಲ್ಲ. ಕಪ್ಪು ಗಾಯಕನ ಪಕ್ಕ ತಮ್ಮ ಸಾಮಾನು ಕಂಡರೆ ದಕ್ಷಿಣದ ಬಿಳಿಯರು ಕೊಳ್ಳೋದು ಬಿಟ್ಟಾರು ಅನ್ನೋ ಹೆದರಿಕೆ. ಚಾನೆಲ್ ಸ್ವಂತ ಖರ್ಚಿನಲ್ಲಿ ಒಂದಷ್ಟು ಕಾಲ ನಡೆಸಿತು. ಕೊನೆಗೆ ಶನಿವಾರದ ಅಗ್ಗದ ಹೊತ್ತಿಗೆ ಹೋಗಿ ಅಂದಾಗ ಕೋಲ್ ಬೇಡ ಅಂದರು. 1957ರ ಡಿಸೆಂಬರ್ 17ಕ್ಕೆ ಮುಗಿಯಿತು. ಜಾಹೀರಾತು ಕಂಪನಿಗಳ ಬೀದಿಯಾದ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂಗೆ 'ಕತ್ತಲೆ ಕಂಡರೆ ಭಯ' ಅಂತ ಅವರು ಹೇಳಿದ ಮಾತು ಈಗಲೂ ಚಲಾವಣೆಯಲ್ಲಿದೆ. ಮುಂದೆ ಅದನ್ನ ಪತ್ರಿಕೆಯಲ್ಲಿ ಬಿಡಿಸಿ ಬರೆದರು ಕೂಡ, ಕಂಪನಿಗಳ ಮುಲಾಜು ನೋಡದೆ.

ಇನ್ನು ಮಗಳ ಹಾಡು. ಕೋಲ್ ವಿಪರೀತ ಸಿಗರೇಟು ಸೇದುತ್ತಿದ್ದರು. ಅದರಿಂದ ದನಿಗೆ ಒಳ್ಳೆ ಹದ ಬರುತ್ತೆ ಅಂತ ಬೇರೆ ನಂಬಿದ್ದರು. ಶ್ವಾಸಕೋಶದ ಕ್ಯಾನ್ಸರ್ ಆಯಿತು, 1965ರ ಫೆಬ್ರವರಿ 15ರಂದು ತೀರಿಕೊಂಡರು. ಆಗ ಅವರಿಗೆ 45, ಮಗಳು ನ್ಯಾಟಲಿಗೆ 15. ಆ ಹುಡುಗಿ ಗಾಯಕಿಯಾದ ಮೇಲೆ ಎಷ್ಟೋ ವರ್ಷ ಅಪ್ಪನ ಹಾಡುಗಳಿಂದ ದೂರವೇ ಇದ್ದು, ತನ್ನದೇ ದಾರಿಯಲ್ಲಿ ಹೆಸರು ಮಾಡಿಕೊಂಡು, 1991ರಲ್ಲಿ ಅಪ್ಪನ ಹಾಡುಗಳದ್ದೇ ಒಂದು ಆಲ್ಬಮ್ ಮಾಡಿದರು. ಅದರಲ್ಲೊಂದು ಹಾಡಿಗೆ ಅಪ್ಪನ ಹಳೆಯ ರೆಕಾರ್ಡಿಂಗ್‌ನ ದನಿ ಜೋಡಿಸಿ ತಾನೂ ಹಾಡಿದರು. ಮರುವರ್ಷ ಗ್ರಾಮಿ ಪ್ರಶಸ್ತಿಗಳ ರಾಶಿ ಬಂತು.

ಮೋಸ ಅಂತ ನನಗನ್ನಿಸಲ್ಲ, ಯಾಕೆಂದರೆ ಅವರು ಏನನ್ನೂ ಮರೆಮಾಚಲಿಲ್ಲ. ಅಪ್ಪ ಸತ್ತಿರೋದು ಎಲ್ಲರಿಗೂ ಗೊತ್ತಿತ್ತು. ಆದರೆ ಹಾಡು ಸ್ವಲ್ಪ ಜಾಸ್ತಿ ಸಿಹಿಯಾಯ್ತು ಅನ್ನೋದು ನನ್ನ ಅಭಿಪ್ರಾಯ. ಅಪ್ಪನ ದನಿಯ ಸುತ್ತ ಮೊದಲಿದ್ದ ಖಾಲಿ ಜಾಗ ತುಂಬಿಹೋಗಿದೆ. ಅದರಿಂದ ಆದ ಇನ್ನೊಂದು ನಷ್ಟ, ಈಗಿನವರಿಗೆ ಕೋಲ್ ಅಂದರೆ ಆ ಒಂದು ಹಾಡು ಅಷ್ಟೇ. ಪಿಯಾನೊ ಯಾರಿಗೂ ನೆನಪಿಲ್ಲ. ನಿಮಗೂ ಇರಲಿಲ್ಲವಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಪತ್ರದ ತುದಿಯಲ್ಲಿ ಕೇಳಿದ್ದೀರಿ. 1940ರ ದಶಕದ ಮೂವರ ತಂಡದ ರೆಕಾರ್ಡುಗಳಿಂದ ಶುರು ಮಾಡಿ. ಆಮೇಲೆ 1950ರ ದಶಕಕ್ಕೆ ಬನ್ನಿ, ಅಲ್ಲಿ ನೆಲ್ಸನ್ ರಿಡಲ್ ಜೋಡಿಸಿದ ವಾದ್ಯವೃಂದದ ಹಾಡುಗಳಿವೆ. 1958ರಲ್ಲಿ ಸ್ಪ್ಯಾನಿಷ್‌ನಲ್ಲಿ ಹಾಡಿದ ಆಲ್ಬಮ್ ಕೂಡ ಇದೆ. ಭಾಷೆ ಬಾರದೆ ಉಚ್ಚಾರಣೆ ಕಲಿತು ಹಾಡಿದ್ದು, ಅಲ್ಲಲ್ಲಿ ತಡವರಿಸುತ್ತಾರೆ, ಆದರೂ ಲ್ಯಾಟಿನ್ ಅಮೆರಿಕದಲ್ಲಿ ಜನ ಮುಗಿಬಿದ್ದು ಕೊಂಡರು. ಮಗಳ ಜೊತೆಗಿನದನ್ನ ಕಡೆಗೆ ಕೇಳಿ. ಕೇಳಿದ ಮೇಲೂ ಬೈಬೇಕು ಅನ್ನಿಸಿದರೆ ಇನ್ನೊಂದು ಪತ್ರ ಹಾಕಿ, ಅದನ್ನೂ ಅಚ್ಚು ಹಾಕ್ತೀವಿ.

ಸಂಪಾದಕ