400 ಗಿಡಕ್ಕೂ ಎಲ್ಲ ಮಾರ್ಕರ್ ಬೇಡ

ಭತ್ತದ ದುಂಡಾಣು ಅಂಗಮಾರಿಗೆ ಮೂರು ನಿರೋಧಕ ಜೀನ್ ಸೇರಿಸುವಾಗ, 400 ಬ್ಯಾಕ್‌ಕ್ರಾಸ್ ಗಿಡಗಳ (ಮಿಶ್ರತಳಿಯನ್ನು ಮತ್ತೆ ಮೂಲ ತಳಿಗೇ ಸಂಕರಿಸಿ ಪಡೆದವು) ಪರೀಕ್ಷೆಗೇ ವರ್ಷದ ಹಣ ಮುಗೀತು ಅಂದಿರಿ. ಮಾರ್ಕರ್, ಅಂದರೆ ಡಿಎನ್‌ಎಯ ಗುರುತು, ದುಬಾರಿಯಾಗಿದ್ದಕ್ಕಿಂತ, ಎಲ್ಲ ಗಿಡಕ್ಕೂ 60 ಹಿನ್ನೆಲೆ ಮಾರ್ಕರ್ (ಉಳಿದ ಡಿಎನ್‌ಎ ಎಷ್ಟು ಮೂಲ ತಳಿಯದು ಎಂದು ತೋರಿಸುವವು) ಹಾಕಿದ್ದೇ ಕಾರಣ ಇರಬೇಕು. ಅದೇ 24,000 ಪಿಸಿಆರ್ (ಡಿಎನ್‌ಎ ತುಂಡನ್ನು ನಕಲು ಮಾಡಿ ನೋಡುವ ಪರೀಕ್ಷೆ) ಆಯ್ತಲ್ವಾ!

ಮೂರು ಜೀನ್‌ಗಳಲ್ಲಿ ಮೊದಲು ಎಕ್ಸ್‌ಎ21 ಮಾತ್ರ ನೋಡಿ. ಅದರ ಪಿಟಿಎ248 ಮಾರ್ಕರ್‌ನ ಫಲಿತಾಂಶ ನೋಡಲು ಸಾದಾ ಅಗರೋಸ್ ಜೆಲ್ ಸಾಕು. ಸುಮಾರು ಅರ್ಧ ಗಿಡ ಉಳಿಯುತ್ತವೆ. ಅವುಗಳಲ್ಲಿ ಎಕ್ಸ್‌ಎ13, ಉಳಿದವುಗಳಲ್ಲಿ ಎಕ್ಸ್‌ಎ5. ಕೊನೆಗೆ 50ರ ಆಸುಪಾಸು ಸಿಗುತ್ತವೆ, ಒಟ್ಟು 700 ಪರೀಕ್ಷೆಯಲ್ಲಿ. ಹಣ ಉಳಿಸಲು ಎಕ್ಸ್‌ಎ13, ಎಕ್ಸ್‌ಎ5 ಬಿಡಬೇಡಿ. ಇವೆರಡೂ ರಿಸೆಸಿವ್ (ಎರಡು ಪ್ರತಿ ಇದ್ದರೆ ಮಾತ್ರ ಗುಣ ತೋರುವವು), ಈ ಹಂತದಲ್ಲಿ ರೋಗ ತಗುಲಿಸಿ ನೋಡಿದರೂ ಗೊತ್ತಾಗಲ್ಲ.

ಆ 50ರಲ್ಲಿ ಜೀನ್‌ಗಳ ಅಕ್ಕಪಕ್ಕದ ಮಾರ್ಕರ್ ನೋಡಿ, ದಾನಿ ತಳಿಯ (ಜೀನ್ ಕೊಟ್ಟ ತಳಿ) ಡಿಎನ್‌ಎ ತುಂಡು ಚಿಕ್ಕದಿರುವ ಹತ್ತು ಗಿಡ ಆರಿಸಿ. ಹಿನ್ನೆಲೆ ಮಾರ್ಕರ್ ಆ ಹತ್ತಕ್ಕೆ ಮಾತ್ರ. 600 ಪಿಸಿಆರ್‌ನಲ್ಲಿ ಮುಗೀತು.

ಡಿಎನ್‌ಎ ತೆಗೆಯಲು ಕಿಟ್ ಬೇಡ. ಎಳೆ ಎಲೆಯ ಚೂರನ್ನು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಅರೆದು, ಟ್ರಿಸ್ ಬಫರ್ ಸೇರಿಸಿದರೆ ಸಾಮಾನ್ಯವಾಗಿ ಪಿಸಿಆರ್ ನಡೆಯುತ್ತದೆ. ಬಲಿತ ಎಲೆಯಲ್ಲಿ ನಂಬಿಕೆ ಕಡಿಮೆ, ಮೊದಲು ಎಂಟ್ಹತ್ತು ಗಿಡದಲ್ಲಿ ಪರೀಕ್ಷಿಸಿ. ಈ ಡಿಎನ್‌ಎ ಜಾಸ್ತಿ ದಿನ ಇಡೋಕೂ ಆಗಲ್ಲ. ಆರಿಸಿದ ಹತ್ತಕ್ಕೆ ಸಿಟ್ಯಾಬ್ ಎಂಬ, ಶುದ್ಧ ಡಿಎನ್‌ಎ ಕೊಡುವ ವಿಧಾನದಲ್ಲಿ ಮತ್ತೆ ತೆಗೆಯಿರಿ.

ನಿಮ್ಮ ಎರಡು ತಳಿಗಳ ನಡುವೆ ಆ 60 ಮಾರ್ಕರ್‌ಗಳೂ ವ್ಯತ್ಯಾಸ ತೋರಿಸುತ್ತವೋ ಇಲ್ಲವೋ, ಇಲ್ಲಿಂದ ಹೇಳೋದು ಕಷ್ಟ. ಪೋಷಕ ಗಿಡಗಳಲ್ಲಿ ಒಮ್ಮೆ ನೋಡಿ, ತೋರಿಸದವನ್ನು ಕೈಬಿಡಿ.

ಹೊರಗಿನ ಲ್ಯಾಬ್‌ನಲ್ಲಿ ಕ್ಯಾಸ್ಪ್ (ಜೆಲ್ ಇಲ್ಲದೆ ಬೆಳಕಿನ ಬಣ್ಣದಿಂದ ಓದುವ ಮಾರ್ಕರ್ ಪರೀಕ್ಷೆ) ಮಾಡಿಸುವುದಾದರೆ, ಪಕ್ಕದ ವಿಭಾಗದವರ ಜೊತೆ ಸೇರಿ 96 ಗುಳಿಯ ಪ್ಲೇಟ್ ಪೂರ್ತಿ ತುಂಬಿಸಿಯೇ ಕಳಿಸಿ.