ಆರಡಿ ಐದಿಂಚಿನ ಹುಡುಗ ನಾಲ್ಕೇ ಪಾಯಿಂಟ್ ಹಾಕಿದರೆ

(ಓದುಗರ ಪ್ರಶ್ನೆಗಳಿಗೆ ಮಂಗಳೂರಿನ ನಿವೃತ್ತ ಕಾಲೇಜು ದೈಹಿಕ ಶಿಕ್ಷಣ ನಿರ್ದೇಶಕಿಯೊಬ್ಬರ ಉತ್ತರ)

ಈ ಸಲದ ಪತ್ರಗಳಲ್ಲಿ ಕ್ರಿಕೆಟ್ ಇಲ್ಲ, ಕಬಡ್ಡಿಯೂ ಇಲ್ಲ. ಎಲ್ಲ ಬಾಸ್ಕೆಟ್‌ಬಾಲ್. ಅದರಲ್ಲೂ ಕಾಲೇಜಿಗೆ ಹೊಸದಾಗಿ ಸೇರಿದ ಮಕ್ಕಳ ಬಗ್ಗೆಯೇ ಜಾಸ್ತಿ. ನನಗೇನು, ಖುಷಿಯೇ.

ಪ್ರಶ್ನೆ: ನಾನು ಓದಿದ ಕಾಲೇಜಿಗೆ ಈ ವರ್ಷ ಸ್ಪೋರ್ಟ್ಸ್ ಕೋಟಾದಲ್ಲಿ ಆರಡಿ ಐದಿಂಚಿನ ಹುಡುಗನನ್ನು ತಂದಿದ್ದಾರೆ. ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಳೆಗಾಲ ಪೂರ್ತಿ ಅವನದ್ದೇ ಮಾತು. ಈಗ ನೋಡಿದರೆ ಮ್ಯಾಚಿಗೆ ನಾಲ್ಕು ಪಾಯಿಂಟ್ ಹಾಕುತ್ತಾನೆ. ಸೀಟು, ಹಾಸ್ಟೆಲು, ಊಟ ಎಲ್ಲ ದಂಡ ಆಯಿತಲ್ವಾ?
– ಹಳೆ ವಿದ್ಯಾರ್ಥಿ, ಕದ್ರಿ

ಉತ್ತರ: ನಾಲ್ಕು ಪಾಯಿಂಟ್ ಎಷ್ಟು ನಿಮಿಷಕ್ಕೆ? ಅದನ್ನು ನೀವು ಬರೆದೇ ಇಲ್ಲ. ನಮ್ಮಲ್ಲಿ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಆ 40 ನಿಮಿಷದಲ್ಲಿ ಕೋಚ್ ಅವನನ್ನು ಎಂಟು ನಿಮಿಷ ಇಳಿಸಿ, ಅವನು ನಾಲ್ಕು ಹಾಕಿದ್ದರೆ ಏನೂ ಕಡಿಮೆ ಅಲ್ಲ. 35 ನಿಮಿಷ ಆಡಿ ನಾಲ್ಕು ಅಂದರೆ ಬೇರೆ ವಿಷಯ. ಹೊಸಬರ ಬಗ್ಗೆ ಯಾರು ಏನು ಹೇಳಿದರೂ ನಾನು ಮೊದಲು ಕೇಳುವುದು ನಿಮಿಷ. ಪಾಯಿಂಟ್ ಆಮೇಲೆ.

ಎರಡನೆಯದು, ಹುಡುಗ ಎಲ್ಲಿಯವನು? ಘಟ್ಟದ ಮೇಲಿನವನೇ ಇರಬೇಕು, ಎತ್ತರದ ಹುಡುಗರು ಹೆಚ್ಚಾಗಿ ಅಲ್ಲಿಂದಲೇ ಬರುತ್ತಾರೆ. ಅವನ ಮೊದಲ ವರ್ಷ ಹೇಗಿರುತ್ತದೆ ಹೇಳುತ್ತೇನೆ. ಬಂದು ಇಳಿಯುವಾಗಲೇ ಧೋ ಮಳೆ. ನಮ್ಮ ಹೆಚ್ಚಿನ ಕಾಲೇಜುಗಳ ಕೋರ್ಟ್ ಬಯಲಿನಲ್ಲಿ, ಸಿಮೆಂಟಿನದ್ದು. ಜೂನ್ ಕಳೆಯುವಾಗ ಅದರ ಮೇಲೆ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿದರೂ ಮತ್ತೆ ನಾಲ್ಕು ದಿನಕ್ಕೆ ಹಸಿರು. ಅಲ್ಲಿ ಓಡಿಸಿದರೆ ಮೊಣಕಾಲು ಹೋಗುತ್ತದೆ ಎಂದು ಕೋಚ್ ಮಕ್ಕಳನ್ನು ಕಾರಿಡಾರಿನಲ್ಲಿ ಸ್ಕಿಪ್ಪಿಂಗ್, ಮೆಟ್ಟಿಲು ಹತ್ತುವುದು ಅಂತ ಇಡುತ್ತಾರೆ. ಮಳೆ ಬಿಡುವ ಹೊತ್ತಿಗೆ ಟೂರ್ನಮೆಂಟ್ ಶುರು. ಅಂದರೆ ತಂಡದ ಜೊತೆ ಅವನು ಚೆಂಡು ಹಿಡಿದು ಆಡಿದ್ದು ಕೆಲವೇ ವಾರ.

ಇನ್ನು ಊಟ. ಮುದ್ದೆ, ರೊಟ್ಟಿ ತಿಂದು ಬೆಳೆದವನ ತಟ್ಟೆಗೆ ಹಾಸ್ಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಬೀಳುತ್ತದೆ. ಮೊದಲ ತಿಂಗಳು ಅರ್ಧಕ್ಕರ್ಧ ಬಿಟ್ಟೇಳುತ್ತಾರೆ. ಅದರ ಮೇಲೆ ನಮ್ಮ ಸೆಖೆ. ಎರಡು ಸುತ್ತು ಓಡಿದರೆ ಬನಿಯನ್ ಹಿಂಡಬಹುದು. ಹೊಸಬರು ಇಲ್ಲಿಗೆ ಬಂದು ಮೊದಲು ಮಾಡುವ ಕೆಲಸವೇ ತೂಕ ಇಳಿಯುವುದು. ಪಿಯುಸಿಯಲ್ಲಿ ತನ್ನಷ್ಟೇ ಎತ್ತರದವರು ಯಾರೂ ಇಲ್ಲದೆ ಕೈ ಎತ್ತಿದರೆ ಚೆಂಡು ಸಿಗುತ್ತಿತ್ತು. ಇಲ್ಲಿ ಅಂತಿಮ ವರ್ಷದ, ಎಂ.ಕಾಂ. ಮಾಡುವ 22, 23ರ ಗಂಡಸರು ಸೊಂಟ ಕೊಟ್ಟು ಒತ್ತುತ್ತಾರೆ. ಅವನು ಬಾಸ್ಕೆಟ್ಟಿನಿಂದ ಎರಡು ಹೆಜ್ಜೆ ಆಚೆ ಹೋಗಿ ನಿಲ್ಲುತ್ತಾನೆ. ನಿಮಗೆ ಕಾಣುವುದು ‘ಉದ್ದ ಇದ್ದೂ ಉಪಯೋಗ ಇಲ್ಲ’.

ಕಂಬಳದಲ್ಲಿ ನೇಗಿಲು ಕಿರಿಯ ವಿಭಾಗದ ಜೋಡಿಯನ್ನು ತಂದು ಹಗ್ಗ ಹಿರಿಯದಲ್ಲಿ ಯಾರಾದರೂ ಓಡಿಸುತ್ತಾರಾ? ಕೋಣಕ್ಕೆ ಇರುವ ಈ ರಿಯಾಯಿತಿ ಹುಡುಗನಿಗೆ ಯಾಕಿಲ್ಲ?

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫ್ರ್ಯಾಂಕ್ ಕಮಿನ್ಸ್ಕಿ ಅಂತ ಒಬ್ಬ ಇದ್ದ. ಏಳಡಿ ಉದ್ದ. ಮೊದಲ ವರ್ಷ ಅವನ ಸರಾಸರಿ ಮ್ಯಾಚಿಗೆ 1.8 ಪಾಯಿಂಟ್. ನಿಮ್ಮ ಹುಡುಗನ ಅರ್ಧವೂ ಇಲ್ಲ. ನಾಲ್ಕನೇ ವರ್ಷ, 2015ರಲ್ಲಿ, ಸರಾಸರಿ 18.8. ಆ ವರ್ಷ ಅಲ್ಲಿನ ಕಾಲೇಜು ಆಟಗಾರರಲ್ಲೇ ಅತ್ಯುತ್ತಮ ಎಂಬ ಪ್ರಶಸ್ತಿಯೂ ಅವನಿಗೇ. ಎಲ್ಲರೂ ಕಮಿನ್ಸ್ಕಿ ಆಗುವುದಿಲ್ಲ, ಗೊತ್ತು. ಆದರೆ ಮೊದಲ ವರ್ಷವೇ ತೀರ್ಪು ಕೊಟ್ಟಿದ್ದರೆ ಅವನೂ ಆಗುತ್ತಿರಲಿಲ್ಲ.

ಮುಂದಿನ ಮ್ಯಾಚಿಗೆ ಹೋದರೆ ಚೆಂಡನ್ನು ಬಿಟ್ಟು ಹುಡುಗನನ್ನೇ ನೋಡಿ. ಎದುರಾಳಿ ಶಾಟ್ ಹೊಡೆದ ಕೂಡಲೇ ತಲೆ ಎತ್ತಿ ಚೆಂಡು ನೋಡುತ್ತಾನಾ, ಅಥವಾ ತಿರುಗಿ ತಾನು ಕಾಯುವ ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬಾಕ್ಸ್ ಔಟ್ ಮಾಡುತ್ತಾನಾ? ಫೌಲ್ ಎಷ್ಟು? ಐದಾದರೆ ಹೊರಗೆ, ಹೊಸಬರು ಮೂರನೇ ಕ್ವಾರ್ಟರಿಗೇ ನಾಲ್ಕು ಮಾಡಿ ಕೂತಿರುತ್ತಾರೆ. ಜನವರಿಯಲ್ಲಿ ಅದೇ ಹುಡುಗನಿಗೆ ಎರಡೇ ಫೌಲ್ ಇದ್ದು, ಕೊನೆಯ ಐದು ನಿಮಿಷ ಕೋಚ್ ಅವನನ್ನು ಒಳಗೇ ಇಟ್ಟುಕೊಂಡರೆ ನಿಮ್ಮ ಸೀಟು ದಂಡ ಆಗಿಲ್ಲ. ಎರಡನೇ ವರ್ಷದ ಕೊನೆಗೂ ಬಾಕ್ಸ್ ಔಟ್ ಬಾರದಿದ್ದರೆ ಮಾತ್ರ ನನಗೆ ಇನ್ನೊಂದು ಪತ್ರ ಬರೆಯಿರಿ. ಆಗ ಇಬ್ಬರೂ ಸೇರಿ ಬೈಯೋಣ, ಕೋಚನ್ನೂ ಸೇರಿಸಿ.

ಪ್ರಶ್ನೆ: ಮೇಡಂ, ನಾನು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ರಾತ್ರಿ ನಿದ್ದೆಗೆಟ್ಟು ನೋಡುವವನು. 2024-25ರಲ್ಲಿ ರಟ್ಗರ್ಸ್ ತಂಡಕ್ಕೆ ಹೊಸ ಹುಡುಗರಲ್ಲಿ ಭಾರಿ ಹೆಸರಿದ್ದ ಡೈಲನ್ ಹಾರ್ಪರ್, ಏಸ್ ಬೇಲಿ ಇಬ್ಬರೂ ಬಂದಾಗ ಕಪ್ ಇವರದ್ದೇ ಅಂದುಕೊಂಡೆ. 15 ಗೆದ್ದು 17 ಸೋತರು. ಕೋಚ್ ಹಾಳು ಮಾಡಿದ್ದು ಅಲ್ವಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ನಿದ್ದೆಗೆಟ್ಟಿದ್ದಕ್ಕೆ ಇಂಟರ್ನಲ್ಸ್‌ನಲ್ಲಿ ಏನಾಯಿತು ಅಂತ ಕೇಳುವುದಿಲ್ಲ.

ಆ ಇಬ್ಬರು ಹುಡುಗರು ಹಾಳಾಗಿಲ್ಲ ಮಾರಾಯ. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2025ರ ಡ್ರಾಫ್ಟಿನಲ್ಲಿ ಹಾರ್ಪರ್ ಎರಡನೆಯವನಾಗಿ, ಬೇಲಿ ಐದನೆಯವನಾಗಿ ಹೋದರು. ಆಯ್ಕೆ ಮಾಡಿದವರು ನೋಡಿದ್ದು ಹುಡುಗರನ್ನು, ನೀನು ನೋಡಿದ್ದು ತಂಡವನ್ನು. ಎರಡೂ ಬೇರೆ ಲೆಕ್ಕ. ತಂಡದ ಲೆಕ್ಕಕ್ಕೆ ಉಳಿದ ಮೂವರು ಬೇಕು, ಬೆಂಚೂ ಬೇಕು.

ಎಲ್ಲರೂ 2012ರ ಕೆಂಟಕಿಯನ್ನು ಉದಾಹರಣೆ ಕೊಡುತ್ತಾರೆ, ಮೊದಲ ವರ್ಷದ ಹುಡುಗರೇ ಕಪ್ ತಂದರು ಅಂತ. ಆಂಥನಿ ಡೇವಿಸ್, ಮೈಕಲ್ ಕಿಡ್-ಗಿಲ್‌ಕ್ರಿಸ್ಟ್ ಹೊಸಬರು ಹೌದು. ಆ ವರ್ಷದ ಡ್ರಾಫ್ಟಿನಲ್ಲಿ ಅವರೇ ಮೊದಲ ಇಬ್ಬರು. ಆದರೆ ಕ್ಯಾನ್ಸಸ್ ವಿರುದ್ಧ 67-59ರಲ್ಲಿ ಗೆದ್ದ ಆ ಫೈನಲಿನಲ್ಲಿ 22 ಪಾಯಿಂಟ್ ಹಾಕಿದ್ದು ಎರಡನೇ ವರ್ಷದ ಡೊರಾನ್ ಲ್ಯಾಂಬ್. ಜೊತೆಗೆ ನಾಲ್ಕನೇ ವರ್ಷದ ಡೇರಿಯಸ್ ಮಿಲ್ಲರ್ ಇದ್ದ. ಡೇವಿಸ್ ಹಾಕಿದ್ದೆಷ್ಟು? ಆರು. ಹತ್ತು ಶಾಟಿನಲ್ಲಿ ಒಂದೇ ಬಿದ್ದದ್ದು! ಆದರೂ ಶ್ರೇಷ್ಠ ಆಟಗಾರ ಅವನೇ ಆದ. 16 ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿದದ್ದು), ಆರು ಬ್ಲಾಕ್ (ಶಾಟ್ ತಡೆದದ್ದು), ಐದು ಅಸಿಸ್ಟ್ (ಬಾಸ್ಕೆಟ್ ಆಗುವಂತೆ ಕೊಟ್ಟ ಪಾಸ್), ಮೂರು ಸ್ಟೀಲ್ (ಚೆಂಡು ಕಸಿದದ್ದು). ಈ ಸ್ಕೋರ್‌ಶೀಟನ್ನು ಮೇಲಿನ ಕದ್ರಿಯವರೂ ಒಮ್ಮೆ ನೋಡಬೇಕು.

2019ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಹತ್ತಿರ ಮೊದಲ ವರ್ಷದ ಪ್ರತಿಭೆಗಳಾದ ಜಯಾನ್ ವಿಲಿಯಮ್ಸನ್, ಆರ್.ಜೆ. ಬ್ಯಾರೆಟ್, ಕ್ಯಾಮ್ ರೆಡ್ಡಿಷ್ ಮೂವರೂ ಇದ್ದರು. ಕೊನೆಯ ಎಂಟರ ಹಂತದಲ್ಲಿ ಮಿಷಿಗನ್ ಸ್ಟೇಟ್ ಎದುರು 68-67, ಒಂದೇ ಪಾಯಿಂಟಿಗೆ ಮನೆಗೆ. 2025ರಲ್ಲಿ ಅದೇ ಡ್ಯೂಕ್‌ಗೆ ಕೂಪರ್ ಫ್ಲ್ಯಾಗ್ ಎಂಬ ಹೊಸಬ ಬಂದ. ಸೆಮಿಫೈನಲಿನಲ್ಲಿ ಹ್ಯೂಸ್ಟನ್ ಎದುರು 70-67ಕ್ಕೆ ಸೋಲು. ಆ ವರ್ಷ ಕಪ್ ಗೆದ್ದ ಫ್ಲೋರಿಡಾದ ಗಾರ್ಡ್‌ಗಳು, ಅಂದರೆ ಹೊರಗಿನಿಂದ ಚೆಂಡು ನಡೆಸುವವರು, ಯಾರು? ವಾಲ್ಟರ್ ಕ್ಲೇಟನ್, ಅಲೈಜಾ ಮಾರ್ಟಿನ್, ವಿಲ್ ರಿಚರ್ಡ್. ಮೂವರೂ ಬೇರೆ ಬೇರೆ ಸಣ್ಣ ಹೆಸರಿನ ಕಾಲೇಜಿನಲ್ಲಿ ಆಡಿ, ಪಳಗಿ, ಆಮೇಲೆ ಅಲ್ಲಿಗೆ ಬಂದವರು. ಫೈನಲಿನ ಮೊದಲರ್ಧದಲ್ಲಿ ಕ್ಲೇಟನ್‌ಗೆ ಒಂದು ಪಾಯಿಂಟೂ ಇರಲಿಲ್ಲ. ಗಾಬರಿಯಾಗಲಿಲ್ಲ. ಎರಡನೇ ಅರ್ಧದಲ್ಲಿ 11. 65-63ಕ್ಕೆ ಕಪ್. ಹದಿನೆಂಟರ ಹುಡುಗನಾಗಿದ್ದರೆ ಹಾಫ್‌ಟೈಮಿನಲ್ಲೇ ತಲೆ ಕೆಟ್ಟಿರುತ್ತಿತ್ತು.

ಇನ್ನೊಂದು. 2006ರ ಡ್ರಾಫ್ಟಿನಿಂದ ಎನ್‌ಬಿಎಗೆ ಹೋಗಲು 19 ವಯಸ್ಸು, ಜೊತೆಗೆ ಹೈಸ್ಕೂಲ್ ಮುಗಿಸಿ ಒಂದು ವರ್ಷ ಆಗಿರಬೇಕು ಎಂಬ ನಿಯಮ ಬಂತು. ಹಾಗಾಗಿ ದೊಡ್ಡ ಪ್ರತಿಭೆಗಳಲ್ಲಿ ಎಷ್ಟೋ ಮಂದಿ ಕಾಲೇಜಿನಲ್ಲಿ ಇರುವುದು ಒಂದೇ ವರ್ಷ. ತಂಡದ ಆಟ ಕಲಿಯುವಷ್ಟರಲ್ಲಿ ಪೆಟ್ಟಿಗೆ ಕಟ್ಟುತ್ತಾರೆ. ಕೋಚನ್ನು ಬೈಯಲು ಬೇರೆ ಕಾರಣ ಇದ್ದರೆ ಬೈ. ಇದಕ್ಕೆ ಬೇಡ.

ಪ್ರಶ್ನೆ: ಫೈವ್ ಸ್ಟಾರ್, ಫೋರ್ ಸ್ಟಾರ್ ಅಂತಾರಲ್ಲ, ಆ ಸ್ಟಾರ್ ಕೊಡುವವರು ಯಾರು? ನಂಬಬಹುದಾ?
– ಬೇಕರಿ ಮಾಲೀಕ, ಕುಂದಾಪುರ

ಉತ್ತರ: ಅಲ್ಲಿ ಹೈಸ್ಕೂಲ್ ಮಕ್ಕಳ ಆಟ ನೋಡಿ ರ್‍ಯಾಂಕಿಂಗ್ ಕೊಡುವ ಕ್ರೀಡಾ ವೆಬ್‌ಸೈಟ್‌ಗಳಿವೆ. ಮೇಲಿನ ಹತ್ತು ಹದಿನೈದು ಹೆಸರು ತಕ್ಕಮಟ್ಟಿಗೆ ನಂಬಬಹುದು. ಕೆಳಗೆ ಹೋದಂತೆ ಅಂದಾಜು. ಕೆನಡಾದ ಜ್ಯಾಕ್ ಈಡಿ ಸಣ್ಣವನಿದ್ದಾಗ ಐಸ್ ಹಾಕಿ, ಬೇಸ್‌ಬಾಲ್ ಆಡಿಕೊಂಡಿದ್ದ. ಬಾಸ್ಕೆಟ್‌ಬಾಲ್ ಹಿಡಿದದ್ದೇ ತಡವಾಗಿ. ಪಟ್ಟಿಯಲ್ಲಿ 400ರ ಆಚೆ ಇದ್ದ. ಪರ್ಡ್ಯೂ ವಿಶ್ವವಿದ್ಯಾಲಯ ಸೇರಿ 2023, 2024 ಎರಡೂ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರನಾದ. ಮುಂದೆ ಎನ್‌ಬಿಎಯ ದೊಡ್ಡ ತಾರೆಯಾದ ಸ್ಟೆಫ್ ಕರಿಯನ್ನು ತೆಳ್ಳಗೆ ಅಂತ ದೊಡ್ಡ ಕಾಲೇಜುಗಳು ಬಿಟ್ಟವು, ಅವನು ಡೇವಿಡ್ಸನ್ ಎಂಬ ಸಣ್ಣ ಕಾಲೇಜಿಗೆ ಹೋದ. ಹದಿನೇಳರ ದೇಹ ನೋಡಿ ಇಪ್ಪತ್ತೆರಡರ ಆಟ ಹೇಳುವವರು ಜ್ಯೋತಿಷಿಗಳೇ.

ಪ್ರಶ್ನೆ: ಮಗಳಿಗೆ ಹದಿನೇಳು. ಆಟದ ಮೇಲೆಯೇ ಸೀಟು ಸಿಕ್ಕಿ ಹಾಸ್ಟೆಲಿನಲ್ಲಿದ್ದಾಳೆ. ಒಂದು ಮ್ಯಾಚಿನಲ್ಲಿ ಕೊನೆಯ ಎರಡು ಫ್ರೀ ಥ್ರೋ (ಫೌಲಿಗೆ ಸಿಗುವ ಶಾಟ್) ತಪ್ಪಿತು. ಯಾರೋ ವಿಡಿಯೊ ಮಾಡಿ ಹಾಕಿದರು, ಕೆಳಗೆ ಎಲ್ಲರೂ ಬಾಯಿಗೆ ಬಂದ ಹಾಗೆ ಬರೆದರು. ಈಗ ಕೋರ್ಟಿಗೆ ಹೋಗುವುದಿಲ್ಲ ಎನ್ನುತ್ತಾಳೆ. ನಾನು ಏನು ಹೇಳಲಿ?
– ಒಬ್ಬ ತಾಯಿ, ಬಂಟ್ವಾಳ

ಉತ್ತರ: ಅಮ್ಮಾ, ಮೊದಲು ನೀವು ಆ ವಿಡಿಯೊ ನೋಡುವುದು ಬಿಡಿ. ನೀವು ನೋಡಿ ಅತ್ತದ್ದು ಅವಳಿಗೆ ಫೋನಿನಲ್ಲಿ ಗೊತ್ತಾಗುತ್ತದೆ.

ಕೋಚಿಗೆ ಫೋನ್ ಮಾಡಿ. ದೂರು ಹೇಳಲು ಅಲ್ಲ, ಎರಡು ವಿಷಯ ಕೇಳಲು. ಆ ವಿಡಿಯೊ ತೆಗೆಸಲು ಕಾಲೇಜಿನಿಂದ ಯಾರಾದರೂ ಮಾತಾಡಿದ್ದಾರಾ? ನಮ್ಮೂರಲ್ಲಿ ಇಂಥದ್ದು ಹಾಕಿದವರು ಪಕ್ಕದ ಕ್ಲಾಸಿನವರೇ ಆಗಿರುತ್ತಾರೆ, ಕರೆದು ಹೇಳಿದರೆ ತೆಗೆಯುತ್ತಾರೆ. ತೆಗೆಯದಿದ್ದರೆ ಪ್ರಾಂಶುಪಾಲರಿಗೆ ಬರೆದು ಕೊಡಿ. ಮಗಳಿನ್ನೂ ಹದಿನೆಂಟು ತುಂಬದವಳು, ಅದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಎರಡನೆಯದು, ಆ ಮ್ಯಾಚಿನಲ್ಲಿ ಅವಳು ಎಷ್ಟು ಹೊತ್ತು ಕೂರದೆ ಆಡಿದ್ದಳು? ಫ್ರೀ ಥ್ರೋ ಕೈಯಿಂದ ಹೋಗುತ್ತದೆ ಅಂತ ಎಲ್ಲರ ಲೆಕ್ಕ. ಹೋಗುವುದು ಕಾಲಿನಿಂದ. ಸುಸ್ತಾದ ಮಂಡಿ ಬಗ್ಗುವುದಿಲ್ಲ, ಚೆಂಡು ಗಿಡ್ಡ ಬೀಳುತ್ತದೆ. ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್ ಬಂದಿದ್ದರೆ ಅದೇ ಕಾರಣ. ಇದನ್ನು ಕೋಚೇ ಅವಳಿಗೆ ಹೇಳಲಿ. ‘ನಿನ್ನ ಧೈರ್ಯ ಕಮ್ಮಿ’ ಎಂದು ನಂಬಿ ಕೂತ ಹುಡುಗಿಗೆ ‘ನಿನ್ನ ಮಂಡಿ ಬಗ್ಗಲಿಲ್ಲ’ ಅಂದರೆ ಎಷ್ಟು ಹಗುರ ಆಗುತ್ತದೆ ನೋಡಿ.

ಮೊದಲ ವಾರ ಅಭ್ಯಾಸಕ್ಕೆ ಮಾತ್ರ ಹೋಗಲಿ. ಬೆಳಿಗ್ಗೆ ಬೇಗ, ಯಾರೂ ಇಲ್ಲದಾಗ, ಒಬ್ಬ ಗೆಳತಿಯ ಜೊತೆ. ನೀವು ಮ್ಯಾಚ್ ನೋಡಲು ಬಂದರೆ ಬೆಂಚಿನ ಹಿಂದೆ ಕೂರಬೇಡಿ, ಆಚೆ ಬದಿಗೆ ಹೋಗಿ. ಅಪ್ಪನಿಗೂ ಹೇಳಿ, ದಯವಿಟ್ಟು ‘ಶೂಟ್ ಮಾಡು’ ಅಂತ ಕೂಗುವುದು ಬೇಡ. ಒಂದು ಕಿವಿಗೆ ಕೋಚ್, ಇನ್ನೊಂದಕ್ಕೆ ಅಪ್ಪ ಆದರೆ ಮಕ್ಕಳು ಯಾರ ಮಾತೂ ಕೇಳುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಆಟ ಬೇಡ ಅಂದರೆ ಬಿಡಲಿ. ಸೀಟಿನ ಶುಲ್ಕದ ವಿಷಯ ಆಮೇಲೆ ಆಫೀಸಿನಲ್ಲಿ ಮಾತಾಡಬಹುದು.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ, ಆರಡಿ ಮೂರಿಂಚು. ಅಮೆರಿಕದ ಕಾಲೇಜಿನಲ್ಲಿ ಆಡುವ ಆಸೆ. ಆಗುತ್ತದಾ?
– ವಿದ್ಯಾರ್ಥಿ, ಉಡುಪಿ

ಉತ್ತರ: ಹೋದವರಿದ್ದಾರೆ. ಏಳಡಿಯ ಅಮಾನ್ ಸಂಧು ನ್ಯೂಜೆರ್ಸಿಯ ಮಾನ್ಮತ್ ವಿಶ್ವವಿದ್ಯಾಲಯದಲ್ಲಿ ಆಡಿದರು. ಹುಡುಗಿಯರಲ್ಲಿ ಹರ್‌ಸಿಮ್ರನ್ ಕೌರ್ ಸ್ಯಾನ್ ಡಿಯಾಗೊಗೆ ಹೋದರು. ಇಬ್ಬರೂ ಎನ್‌ಬಿಎ ಅಕಾಡೆಮಿಯಲ್ಲಿ ತಯಾರಾದವರು.

ಸತ್ನಾಮ್ ಸಿಂಗ್ ಹೆಸರು ಕೇಳಿರುತ್ತೀಯ. ಪಂಜಾಬಿನ ಹಳ್ಳಿ ಹುಡುಗ, 2010ರಲ್ಲಿ ಫ್ಲೋರಿಡಾದ ಐಎಂಜಿ ಅಕಾಡೆಮಿಗೆ ಹೋದ. 2015ರ ಡ್ರಾಫ್ಟಿನಲ್ಲಿ ಎನ್‌ಬಿಎಯ ಡಲ್ಲಾಸ್ ತಂಡ ಅವನನ್ನು 52ನೆಯವನಾಗಿ ಆರಿಸಿತು, ಕಾಲೇಜಿಗೆ ಹೋಗದೆಯೇ. ಇಡೀ ದೇಶ ಅವನ ಹೆಗಲ ಮೇಲೆ ಕೂತಿತು. ಎನ್‌ಬಿಎಯಲ್ಲಿ ಒಂದು ಅಧಿಕೃತ ಮ್ಯಾಚೂ ಆಡಲು ಸಿಗಲಿಲ್ಲ. ನಾಲ್ಕು ವರ್ಷ ಯಾವುದಾದರೂ ಕಾಲೇಜಿನಲ್ಲಿ ಆಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ನಿನ್ನ ವಿಷಯಕ್ಕೆ ಬಂದರೆ, ಆರಡಿ ಮೂರು ಅಂದರೆ ಅಲ್ಲಿ ಗಾರ್ಡ್. ಇಲ್ಲಿ ನಿನ್ನನ್ನು ರಿಂಗಿನ ಕೆಳಗೆ ನಿಲ್ಲಿಸಿರುತ್ತಾರೆ. ಎಡಗೈ ಡ್ರಿಬಲ್ ಇಂದೇ ಶುರು ಮಾಡು. ಮೂರು ಪಾಯಿಂಟ್ ಗೆರೆ ಇಲ್ಲೂ ಅಲ್ಲೂ 6.75 ಮೀಟರ್, ಅದೊಂದು ಅನುಕೂಲ. ಅಂಕಪಟ್ಟಿಯನ್ನೂ ನೋಡುತ್ತಾರೆ, ಬರೀ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. 2021ರಿಂದ ಅಲ್ಲಿನ ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತು ಹಣ ಗಳಿಸಬಹುದು ಅಂತ ರೀಲ್ಸ್ ನೋಡಿ ಲೆಕ್ಕ ಹಾಕಬೇಡ. ವಿದ್ಯಾರ್ಥಿ ವೀಸಾದವರಿಗೆ ದುಡಿಮೆಯ ಮೇಲೆ ಕಟ್ಟುಪಾಡು ಉಂಟು.

ಪ್ರಶ್ನೆ: ನಾವು ಬೆಳೆಸಿದ ಹುಡುಗನನ್ನು ಒಂದೇ ವರ್ಷಕ್ಕೆ ಇನ್ನೊಂದು ಕಾಲೇಜು ಎಳೆದುಕೊಂಡಿತು. ಇದು ಸರಿಯಾ?
– ಅಭಿಮಾನಿ, ಮೂಡುಬಿದಿರೆ

ಉತ್ತರ: ನಿಮಗೆ ಬೇಸರ ಸಹಜ. ಅಮೆರಿಕದಲ್ಲಿ 2018ರಲ್ಲಿ ಇದಕ್ಕೆಂದೇ ಟ್ರಾನ್ಸ್‌ಫರ್ ಪೋರ್ಟಲ್ ಮಾಡಿದರು. 2021ರಿಂದ ಮೊದಲ ಸಲ ಕಾಲೇಜು ಬದಲಿಸಿದವರು ಒಂದು ವರ್ಷ ಸುಮ್ನೆ ಕೂರಬೇಕಾಗಿಯೂ ಇಲ್ಲ. ಇಲ್ಲಿ ಪೋರ್ಟಲ್ ಇಲ್ಲ, ಮಧ್ಯವರ್ತಿ ಮಾಮ ಇರುತ್ತಾನೆ, ಅಷ್ಟೇ ವ್ಯತ್ಯಾಸ. ಆದರೆ ಹುಡುಗ ಯಾಕೆ ಹೋದ ಅಂತ ಕೇಳಿದಿರಾ? ಮರದ ನೆಲದ ಒಳಾಂಗಣ ಕೋರ್ಟಿಗೆ ಹೋದರೆ ನಾನು ಬೈಯಲಾರೆ. ಬೆಂಚಿನಲ್ಲಿ ಕೂತು ಬೇಜಾರಾಗಿ ಹೋದರೆ ಅಲ್ಲಿಯೂ ಬೆಂಚು ಇರುತ್ತದೆ ಅಂತ ಅವನಿಗೆ ಹೇಳಿ.

ಪ್ರಶ್ನೆ: ಗ್ಯಾಲರಿಯಲ್ಲಿ ಕೂತು ಹೊಸ ಹುಡುಗರಿಗೆ ಏನಂತ ಕೂಗಬೇಕು?
– ಪದವಿ ವಿದ್ಯಾರ್ಥಿನಿಯರು, ಮಂಗಳೂರು

ಉತ್ತರ: ‘ಡಿಫೆನ್ಸ್!’ ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ನಮ್ಮವರು ಫ್ರೀ ಥ್ರೋ ಹಾಕುವಾಗ ಬಾಯಿ ಮುಚ್ಚಿ. ಎದುರಿನವರು ಹಾಕುವಾಗ ಗಂಟಲು ಹರಿಯುವಷ್ಟು ಕೂಗಿ, ನಾನೂ ಕೂಗುತ್ತೇನೆ. ಡ್ರಮ್ ತರುವುದಾದರೆ ಮೊದಲು ಸಂಘಟಕರನ್ನು ಕೇಳಿ, ಇಲ್ಲದಿದ್ದರೆ ಟೆಕ್ನಿಕಲ್ ಫೌಲ್ ಯಾರಿಗೆ ಹೋಗುತ್ತದೋ ಅಂತ ಕೋಚಿಗೆ ಹೆದರಿಕೆ.