ಓದುಗರ ಪ್ರಶ್ನೆ, ನಮ್ಮ ಉತ್ತರ: ಚೌಕಗಳಿಂದ ಕಟ್ಟುವ ಫಾಂಟ್

ಪ್ರಶ್ನೆ: ಹಳೆಯ ಡಿಜಿಟಲ್ ಪರದೆಯನ್ನೂ ಕಾರ್ಖಾನೆಯ ಫಲಕಗಳನ್ನೂ ನೆನಪಿಸುವ ಶೀರ್ಷಿಕೆ ಫಾಂಟ್ ಮಾಡುತ್ತಿದ್ದೇನೆ. ಗೆರೆಗಳೆಲ್ಲ ಒಂದೇ ದಪ್ಪ, ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿದ್ದೇನೆ. ಆದರೂ ಮೂಲೆಗಳು ಮಸಿ ಮೆತ್ತಿದಂತೆ ಕಾಣುತ್ತವೆ, ಏಕೆ?

ಉತ್ತರ: ಹೊರಮೂಲೆ, ಒಳಮೂಲೆ ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದ್ದೀರಿ. ಆಗ 100 ಯೂನಿಟ್ (ಫಾಂಟ್ ಒಳಗಿನ ಅಳತೆಯ ಕಿರುಮಾನ) ದಪ್ಪದ ಗೆರೆ ಓರೆಯಲ್ಲಿ 141 ಆಗಿಬಿಡುತ್ತದೆ. ಒಳಗಿನ ಕತ್ತರಿಕೆ ಹೊರಗಿನದಕ್ಕಿಂತ ಗೆರೆಯ ದಪ್ಪದ 0.59ರಷ್ಟು ಕಡಿಮೆ ಇರಬೇಕು: ಹೊರಗೆ 100 ಆದರೆ ಒಳಗೆ 41. ಗ್ರಿಡ್‌ಗೆ (ಚೌಕಗಳ ಜಾಲಕ್ಕೆ) ಕೂರಲೆಂದು 40 ಇಟ್ಟರೂ ನಡೆಯುತ್ತದೆ. ಒಳಮೂಲೆಯನ್ನು ಕತ್ತರಿಸದೆ ಚೂಪಾಗಿಯೇ ಬಿಟ್ಟರೆ ಓರೆ 71ಕ್ಕೆ ಇಳಿದು ಸೊರಗುತ್ತದೆ. ಅಡ್ಡಗೆರೆಗಳನ್ನೂ ಗಮನಿಸಿ. ಅಳತೆ ಒಂದೇ ಇದ್ದರೂ ಲಂಬಗೆರೆಗಿಂತ ಅವು ದಪ್ಪವಾಗಿ ಕಾಣುತ್ತವೆ. 100ರ ಲಂಬಕ್ಕೆ 94ರ ಅಡ್ಡ ಹಾಕಿ ನೋಡಿ. ಗ್ರಿಡ್ ಮುರಿಯಿತೆಂದು ಹಿಂಜರಿಯಬೇಡಿ, ಓದುವುದು ಕಣ್ಣು. ಚೌಕಗಳು ಬಿಡಿಬಿಡಿಯಾಗಿ ಕಾಣುವ ವಿನ್ಯಾಸದಲ್ಲಿ ಮಾತ್ರ ಈ ತಿದ್ದುಪಡಿ ಬೇಡ.

ಪ್ರಶ್ನೆ: ಇಂಗ್ಲಿಷಿನ ಬಿ ಮತ್ತು 8, ಓ ಮತ್ತು 0, ಎಸ್ ಮತ್ತು 5 ಒಂದೇ ಥರ ಕಾಣುತ್ತವೆ.

ಉತ್ತರ: ಬಿ ಮತ್ತು ಡಿ ಅಕ್ಷರಗಳ ಎಡಮೂಲೆಗಳನ್ನು ಕತ್ತರಿಸದೆ ಚೌಕವಾಗಿಯೇ ಬಿಡಿ, 8 ಮತ್ತು ಓ ನಾಲ್ಕೂ ಕಡೆ ಕತ್ತರಿಸಿಕೊಳ್ಳಲಿ. 5ರ ಮೇಲಿನ ಎಡಮೂಲೆ ಚೌಕ, ಎಸ್‌ನದು ಓರೆ. ಸೊನ್ನೆಯೊಳಗೆ ಓರೆಗೆರೆಯೋ ಚುಕ್ಕಿಯೋ ಬೇಕೇ ಬೇಕು. ಡಚ್ ವಿನ್ಯಾಸಕಾರ ವಿಮ್ ಕ್ರೌವೆಲ್ ಅವರ 1967ರ ‘ನ್ಯೂ ಆಲ್ಫಬೆಟ್’ ಅಕ್ಷರಶೈಲಿ ಅಡ್ಡ, ಲಂಬ ಗೆರೆಗಳಿಗೇ ನಿಷ್ಠವಾಗಿ ನಿಂತಿತು. ನೋಡಲು ಅದ್ಭುತ, ಆದರೆ ಅದರ ಹಲವು ಅಕ್ಷರಗಳನ್ನು ಊಹಿಸಿಯೇ ಓದಬೇಕು.

ಪ್ರಶ್ನೆ: ಕನ್ನಡ ಅಕ್ಷರಗಳನ್ನು 5×7 ಚೌಕಗಳಲ್ಲಿ (5 ಕಾಲಂ, 7 ಸಾಲು) ಕೂರಿಸಬಹುದೆ?

ಉತ್ತರ: ಆಗದು. ಠ ಒಂದನ್ನೇ ಲೆಕ್ಕ ಹಾಕಿ. ನಡುವಿನ ಬಿಂದುವಿಗೆ ಒಂದು ಚೌಕ, ಸುತ್ತ ಒಂದು ಚೌಕದ ತೆರಪು, ಅದರಾಚೆ ಗೆರೆ: ಒಡಲಿಗೇ 5×5 ಬೇಕು. ತಲೆಕಟ್ಟಿಗೆ 2 ಸಾಲು ಸೇರಿ 7. ಗುಡಿಸಿಗೆ ಮೇಲೆ ಇನ್ನೆರಡು. ಕೆಳಗೆ ಒಂದು ಸಾಲು ತೆರಪು ಬಿಟ್ಟು ಒತ್ತಿಗೆ 5. ನಾಲ್ಕೇ ಕೊಟ್ಟರೆ ‘ಶ್ರೇಷ್ಠ’ದ ಒತ್ತಿನಲ್ಲಿ ಬಿಂದು ಮುಚ್ಚಿಹೋಗುತ್ತದೆ. ಇಷ್ಟಕ್ಕೆ 15 ಆಯಿತು. ‘ಸ್ಥಳ’ದಲ್ಲಿ ಒತ್ತಿನ ಕೆಳಗಿನ ಸೀಳಿಗೆ ಮತ್ತೊಂದು. ಆದ್ದರಿಂದ ಎಮ್ ಅಳತೆಯನ್ನು (ಅಕ್ಷರ ಕೂರುವ ಚೌಕಟ್ಟಿನ ಪೂರ್ತಿ ಎತ್ತರವನ್ನು) 1024 ಯೂನಿಟ್ ಮಾಡಿ, ಚೌಕಕ್ಕೆ 64 ಇಡಿ. ಸರಿಯಾಗಿ 16 ಸಾಲು ಸಿಗುತ್ತದೆ. ಸಾಲುಗಳ ನಡುವಿನ ಅಂತರವನ್ನು ಬೇರೆಯಾಗಿಯೇ ಕೊಡಿ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಎಂಬ ಹಟ ಬೇಡ: ಝ, ಮ, ಯ 9 ಕಾಲಂ ಕೇಳುತ್ತವೆ. ದ–ಧ, ಪ–ಫ–ಷ, ರ–ಠ ಗುಂಪುಗಳನ್ನು ಅಕ್ಕಪಕ್ಕ ಇಟ್ಟು, ಸಣ್ಣ ಗಾತ್ರದಲ್ಲಿ ಮುದ್ರಿಸಿ ಪರೀಕ್ಷಿಸಿ.

ಪ್ರಶ್ನೆ: ಪರದೆಯ ಮೇಲೆ ಚೌಕಗಳ ನಡುವೆ ಕೂದಲೆಳೆಯಂಥ ಬಿಳಿಗೆರೆ ಏಕೆ?

ಉತ್ತರ: ಚೌಕಗಳು ಒಂದಕ್ಕೊಂದು ತಾಗಿವೆ, ಬೆಸೆದಿಲ್ಲ. ಹೀಗಿರುವಾಗ ಪರದೆ ಪ್ರತಿ ಅಂಚನ್ನೂ ಬೇರೆಬೇರೆಯಾಗಿ ಮಸುಕುಗೊಳಿಸುತ್ತದೆ. ಫಾಂಟ್ ಕಡತ ಹೊರತೆಗೆಯುವ ಮುನ್ನ ಎಲ್ಲ ಆಕಾರಗಳನ್ನೂ ಒಂದೇ ಹೊರರೇಖೆಯಾಗಿ ಬೆಸೆಯಿರಿ. ಚೌಕಗಳ ಮೂಲೆಬಿಂದುಗಳು ಒಂದು ಯೂನಿಟ್ ಆಚೀಚೆಯಾದರೂ ಬಿರುಕು ಉಳಿಯುತ್ತದೆ. ಬಿರುಕೇ ವಿನ್ಯಾಸದ ಭಾಗವಾದರೆ ಅದಕ್ಕೆ ಧಾರಾಳ ಅಗಲ ಕೊಡಿ: 1000 ಯೂನಿಟ್ ಎಮ್‌ನಲ್ಲಿ 50 ಯೂನಿಟ್ ಬಿರುಕು 20 ಪಿಕ್ಸೆಲ್ ಗಾತ್ರದಲ್ಲಿ ಒಂದೇ ಪಿಕ್ಸೆಲ್. ಅದಕ್ಕಿಂತ ಸಣ್ಣ ಗಾತ್ರಕ್ಕೆ ಬಿರುಕಿಲ್ಲದ ಇನ್ನೊಂದು ಆವೃತ್ತಿ ಮಾಡಿ.